ಶೂನ್ಯಮಾಸದಲ್ಲಿ ಕೊಂಡ ಮೋರಿಸ್

ಚನ್ನಕೇಶವನಿಗೆ ಬೇಕಾಗಿದ್ದದ್ದು ಕಾರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆಮೇಲೆ ಇಡೀ ಬೀದಿ ಅವನಿಗೆ ಹಳೇ ಕಾರಿನ ಹುಚ್ಚು ಅಂತಲೇ ತೀರ್ಮಾನ ಮಾಡಿಬಿಟ್ಟಿತು. ಅವನಿಗೆ ಬೇಕಾಗಿದ್ದದ್ದು ಯಾರೂ ಏನೂ ಕೇಳದ ಒಂದು ಜಾಗ ಮತ್ತು ಅಲ್ಲಿ ಕೂರಲು ದಿನಕ್ಕೆ ಒಂದು ಗಂಟೆ. ಐವತ್ತೆರಡು ವರ್ಷದ ಗಂಡಸೊಬ್ಬ ಭೂಮಿಯ ಮೇಲೆ ಇಷ್ಟು ಕೇಳಿದರೆ ಅದು ದುರಾಸೆಯೇ ಅಂತ ಅವನು ತನ್ನನ್ನು ತಾನೇ ಎಷ್ಟೋ ಸಲ ಕೇಳಿಕೊಂಡಿದ್ದ.

ಅವನ ಕೆಲಸವೇ ಅಂಥದ್ದು. ಪೀಣ್ಯದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷದಿಂದ ಸ್ಟೋರ್ಸ್ ಗುಮಾಸ್ತ. ಬೆಳಿಗ್ಗೆ ಎಂಟಕ್ಕೆ ಆ ಪುಟ್ಟ ಕಿಟಕಿ ತೆಗೆದರೆ ಸಂಜೆ ಐದರವರೆಗೆ ಒಂದಾದ ಮೇಲೊಂದು ತಲೆ ಅದರೊಳಗೆ ಬಗ್ಗುತ್ತದೆ. ಅರ್ಧ ಇಂಚಿನ ಬೋಲ್ಟ್ ಇದೆಯಾ, ಗ್ಯಾಸ್ಕೆಟ್ ಬಂತಾ, ಕೈಗವಸು ಯಾವಾಗ ಬರುತ್ತೆ. ಇದ್ದರೆ ಇದೆ ಅನ್ನಬೇಕು, ಇಲ್ಲದಿದ್ದರೆ ಯಾಕೆ ಇಲ್ಲ ಅಂತ ಸಾವಧಾನವಾಗಿ ವಿವರಿಸಬೇಕು. ವಿವರಿಸಿದ ಮೇಲೂ ಅವರು ಅಲ್ಲೇ ನಿಂತು, ಸರಿಯಾಗಿ ನೋಡಿದ್ರಾ ಸಾರ್ ಅನ್ನುತ್ತಾರೆ.

ಮನೆಗೆ ಬಂದರೆ ಇಲ್ಲೂ ಅದೇ ಕಿಟಕಿ. ಚಪ್ಪಲಿ ಬಿಡುವ ಮುಂಚೆಯೇ ಹಾಲಿನ ದಿವಾನದ ಮೇಲಿಂದ ಅವನ ಅಮ್ಮ ಮುನಿತಾಯಮ್ಮ, ಬಿಪಿ ಮಾತ್ರೆ ತಂದೆಯಾ ಅನ್ನುತ್ತಾರೆ. ಹೆಂಡತಿ ಕಲಾ ಅಡುಗೆಮನೆಯಿಂದಲೇ ಮೊಸರು ಅನ್ನುತ್ತಾಳೆ (ಅದು ಒಂದೇ ಪದವಾದರೂ ಪ್ರಶ್ನೆಯೇ). ಸಿ.ಎ. ಪರೀಕ್ಷೆಗೆ ಓದುತ್ತಿರುವ ಮಗಳು ದಿವ್ಯ ರೂಮಿನ ಬಾಗಿಲನ್ನು ಎರಡು ಇಂಚು ತೆಗೆದು, ವೈಫೈ ಯಾಕೆ ಇಷ್ಟು ಸ್ಲೋ ಅಂತ ಕೇಳಿ, ಉತ್ತರ ಬರುವ ಮುಂಚೆ ಮುಚ್ಚಿಕೊಳ್ಳುತ್ತಾಳೆ.

ವಿಜಯನಗರದಲ್ಲಿ ಅವರದು ಇಪ್ಪತ್ತು-ಮೂವತ್ತರ ಸೈಟಿನ ಮನೆ. ಹಾಲು ಟಿ.ವಿ. ಸಮೇತ ಅಮ್ಮನಿಗೆ ಸೇರಿದ್ದು. ಒಂದು ರೂಮು ದಿವ್ಯಳ ಲೆಕ್ಕಶಾಸ್ತ್ರಕ್ಕೆ. ಇನ್ನೊಂದರಲ್ಲಿ ಕಲಾ ಊರವರ ಸೀರೆಗಳಿಗೆಲ್ಲ ಕುಚ್ಚು ಕಟ್ಟುತ್ತಾಳೆ, ಹಾಗಾಗಿ ಮಂಚದ ಮೇಲೆ ಸದಾ ಯಾರದ್ದೋ ರೇಷ್ಮೆ ಸೀರೆ ಮಲಗಿರುತ್ತದೆ. ಚನ್ನಕೇಶವ ಅದರ ಪಕ್ಕ ಕೂತರೂ ಸುಕ್ಕಾಗುತ್ತೆ ಅಂತ ಏಳಿಸುತ್ತಾಳೆ. ಮಹಡಿ ಬಾಡಿಗೆಗೆ ಕೊಟ್ಟಾಗಿದೆ. ಉಳಿದದ್ದು ಬಚ್ಚಲು. ಅಲ್ಲಿ ಹತ್ತು ನಿಮಿಷ ಮೀರಿದರೆ ಯಾರಾದರೂ ಬಾಗಿಲು ತಟ್ಟಿ, ಹುಷಾರಾಗಿದ್ದೀರಾ ಅಂತ ಕೇಳುತ್ತಾರೆ.

ಹೀಗಿರುವಾಗ ಡಿಸೆಂಬರಿನಲ್ಲಿ ಒಂದು ಭಾನುವಾರ ಕೆಂಗೇರಿಯಲ್ಲಿ ಸಹೋದ್ಯೋಗಿಯೊಬ್ಬರ ಮನೆಗೆ ಹೋದವನ ಕಣ್ಣಿಗೆ ಅವರ ಪಕ್ಕದ ಮನೆಯ ಗೂಳಪ್ಪನ ದನದ ಕೊಟ್ಟಿಗೆ ಬಿತ್ತು. ಕೊಟ್ಟಿಗೆಯಲ್ಲಿ ದನ ಇರಲಿಲ್ಲ. ಅಲ್ಲಿದ್ದದ್ದು ಹಸಿರು ಬಣ್ಣದ, ದುಂಡು ಬೆನ್ನಿನ, ನಾಲ್ಕು ಬಾಗಿಲಿನ ಮೋರಿಸ್ ಮೈನರ್. ಎಪ್ಪತ್ತು ವರ್ಷ ದಾಟಿದ ಇಂಗ್ಲೆಂಡಿನ ಕಾರು. ಗೂಳಪ್ಪನ ಅಪ್ಪ ಹೊಲ ಇದ್ದ ಕಾಲದಲ್ಲಿ ಯಾರೋ ಸಾಹೇಬರಿಂದ ಕೊಂಡದ್ದಂತೆ. ಗೂಳಪ್ಪ ಅದನ್ನು ಸೋಮವಾರಕ್ಕೊಮ್ಮೆ ತಪ್ಪದೆ ಸ್ಟಾರ್ಟ್ ಮಾಡಿ, ಒರೆಸಿ, ಮತ್ತೆ ಹೊದಿಕೆ ಹೊದಿಸುತ್ತಿದ್ದ. ಈಗ ಕೊಟ್ಟಿಗೆ ಒಡೆದು ನಾಲ್ಕು ಅಂಗಡಿ ಕಟ್ಟಿಸಲು ಹೊರಟಿದ್ದ.

ಗೂಳಪ್ಪ ಬಾಗಿಲು ತೆಗೆದು, ಕೂತು ನೋಡಿ ಸಾರ್ ಅಂದ. ಚನ್ನಕೇಶವ ಕೂತ. ಬಾಗಿಲು ಮುಚ್ಚಿಕೊಂಡ. ಹೊರಗೆ ಗೂಳಪ್ಪನ ಬಾಯಿ ಆಡುತ್ತಿರುವುದು ಕಾಣುತ್ತಿತ್ತು, ಮಾತು ಮಾತ್ರ ಕೇಳುತ್ತಿರಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯ ಅವನ ಎದುರು ನಿಂತು ಏನೋ ಕೇಳುತ್ತಿದ್ದ, ಉತ್ತರ ಕೊಡಬೇಕಾದ ಅಗತ್ಯ ಇರಲಿಲ್ಲ. ಅಲ್ಲೇ ಮನಸ್ಸು ಕರಗಿಹೋಯಿತು.

ಬೆಲೆಯೂ ಕೈಗೆ ಎಟುಕುವಂತಿತ್ತು, ಒಂದು ಒಳ್ಳೆಯ ಸ್ಕೂಟರಿನಷ್ಟು. ಅದಕ್ಕೊಂದು ಕಾರಣ ಇತ್ತು, ಆ ಕಾರಣವನ್ನು ಕಂಡುಹಿಡಿದದ್ದು ತನ್ನ ಬುದ್ಧಿವಂತಿಕೆ ಅಂತ ಚನ್ನಕೇಶವ ಬೀಗಿದ. ಅದು ಶೂನ್ಯಮಾಸ. ಧನುರ್ಮಾಸದ ಆ ಮೂವತ್ತು ದಿನ ನಮ್ಮ ಕಡೆ ಯಾರೂ ಮದುವೆ ಮಾಡುವುದಿಲ್ಲ, ಮನೆ ಬದಲಿಸುವುದಿಲ್ಲ, ವಾಹನ ಕೊಳ್ಳುವುದಂತೂ ಇಲ್ಲವೇ ಇಲ್ಲ. ಪೈಪೋಟಿಗೆ ಒಬ್ಬನೂ ಇಲ್ಲದ ಸಮಯ.

"ಸಂಕ್ರಾಂತಿವರೆಗೂ ತಡೆದ್ರೆ ಎರಡರಷ್ಟು ಬರುತ್ತೆ ಸಾರ್," ಅಂದ ಗೂಳಪ್ಪ. "ಆದ್ರೆ ನಾಳಿದ್ದು ಜೆಸಿಬಿ ಬರ್ತಾ ಇದೆ. ನೀವು ನೋಡಿದ್ರೆ ಕೂತವರು ಇಳೀತಾನೇ ಇಲ್ಲ. ತಗೊಂಡೋಗಿ."

ಮಾರನೆಯ ಸಂಜೆ ಗೂಳಪ್ಪನೇ ಕಾರನ್ನು ಓಡಿಸಿಕೊಂಡು ಬಂದು ಚನ್ನಕೇಶವನ ಮನೆ ಮುಂದಿನ ಹೊಂಗೆಮರದ ಕೆಳಗೆ ನಿಲ್ಲಿಸಿ, ಕೀ ಕೊಟ್ಟು, ಕಾರಿನ ಬೆನ್ನು ಒಂದು ಸಲ ಸವರಿ, ಮೆಟ್ರೋ ಹತ್ತಿ ಹೋದ. ಮನೆಯವರು ಬಾಗಿಲಿಗೆ ಬಂದರು. ಮೊದಲು ಬಾಯಿ ಬಂದದ್ದು ಕಲಾಗೆ.

"ಮನೇಲಿ ಒಂದು ವಾಷಿಂಗ್ ಮಷೀನ್ ಕೆಟ್ಟು ಎಂಟು ತಿಂಗಳಾಯ್ತು," ಅಂದಳು. "ಇದು ಬಟ್ಟೆ ಒಗೆಯುತ್ತಾ?"

"ಇದು ಪರಂಪರೆ ಕಣೇ. ಇಂಥದ್ದು ಈಗ ಹುಡುಕಿದ್ರೂ ಸಿಗಲ್ಲ."

"ಯಾರು ಹುಡುಕ್ತಾ ಇದ್ರು?"

ಮುನಿತಾಯಮ್ಮನ ಆಕ್ಷೇಪ ಬೇರೆ ಮಟ್ಟದ್ದು. ಅವರು ಕಾರನ್ನು ನೋಡಲೇ ಇಲ್ಲ, ಗೋಡೆಯ ಕ್ಯಾಲೆಂಡರ್ ನೋಡಿದರು. ಶೂನ್ಯಮಾಸದಲ್ಲಿ ಮನೆಗೆ ವಾಹನ ತಂದವನು ತಮ್ಮ ಹೊಟ್ಟೆಯಲ್ಲಿ ಹುಟ್ಟಿದವನೇ ಎಂಬ ಅನುಮಾನ ಅವರ ಮುಖದಲ್ಲಿತ್ತು. ಆದರೆ ಎಪ್ಪತ್ತೆಂಟು ವರ್ಷದ ಆ ಹೆಂಗಸು ಶಾಸ್ತ್ರದ ವಿಷಯದಲ್ಲಿ ಯಾವ ವಕೀಲನಿಗೂ ಕಡಿಮೆ ಇಲ್ಲ. ಸ್ವಲ್ಪ ಹೊತ್ತು ಯೋಚಿಸಿ ತೀರ್ಪು ಕೊಟ್ಟರು. ಕಾರನ್ನು ಇಲ್ಲಿವರೆಗೆ ಓಡಿಸಿದ್ದು ಮಾರಿದವನು, ಆದ್ದರಿಂದ ಆ ಪ್ರಯಾಣ ಅವನ ಖಾತೆಗೆ. ಚನ್ನಕೇಶವ ಕೀ ತಿರುಗಿಸದೆ ಇರುವವರೆಗೆ ಅದು ವಾಹನವೇ ಅಲ್ಲ, ಬರೀ ಸಾಮಾನು. ಸಾಮಾನು ಬೀದಿಯಲ್ಲಿ ನಿಂತರೆ ದೋಷ ಇಲ್ಲ. ಸಂಕ್ರಾಂತಿಯ ದಿನ ಪೂಜೆ ಮಾಡಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಆಮೇಲೆ ಓಡಿಸಬೇಕು. ಅಲ್ಲಿವರೆಗೆ ಕೀ ದೇವರ ಗೂಡಿನಲ್ಲಿ, ಅರಿಶಿನ ಕುಂಕುಮದ ತಟ್ಟೆಯಲ್ಲಿ.

ಚನ್ನಕೇಶವ ಒಲ್ಲದ ಮುಖ ಮಾಡಿಕೊಂಡು ಒಪ್ಪಿದ. ಒಳಗೊಳಗೇ ಕುಣಿದಾಡಿದ. ಓಡಿಸುವುದು ಯಾರಿಗೆ ಬೇಕಿತ್ತು?

ಮೊದಲ ಎರಡು ಸಂಜೆಯನ್ನು ಅವನು ಸಾಯುವವರೆಗೂ ಮರೆಯುವಂತಿಲ್ಲ. ಕಾರ್ಖಾನೆಯಿಂದ ಬಂದವನು ಮಾತ್ರೆ ಮೊಸರು ಎಲ್ಲವನ್ನೂ ಬಾಗಿಲಲ್ಲೇ ಒಪ್ಪಿಸಿ, ಕಾರಿಗೆ ನಡೆದು, ಬಾಗಿಲು ಮುಚ್ಚಿಕೊಂಡ. ಹಳೇ ಚರ್ಮದ ವಾಸನೆ, ಅದರ ಕೆಳಗೆ ಒಂದಿಷ್ಟು ಹಿಂಡಿ ಬೂಸಾದ ವಾಸನೆ. ಕಾಲು ಚಾಚಲು ಜಾಗ. ಗಾಜಿನಾಚೆ ವಿಜಯನಗರ ತರಕಾರಿ ಹೊತ್ತು, ಹಾರನ್ ಹೊಡೆದುಕೊಂಡು, ಜಗಳವಾಡಿಕೊಂಡು ಹೋಗುತ್ತಿತ್ತು. ಅದರಲ್ಲಿ ಯಾವುದೂ ಅವನಿಗೆ ಸಂಬಂಧಪಟ್ಟಿರಲಿಲ್ಲ. ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಅವನು ಏನನ್ನೂ ಯೋಚಿಸದೆ ಕೂತಿದ್ದ. ಸುಖ ಅಂದರೆ ಇದು ಅಂತ ಅವನಿಗೆ ಅನಿಸಿತು, ಅದನ್ನು ಬಾಯಿಬಿಟ್ಟು ಹೇಳಿಕೊಂಡ ಕೂಡ.

ಮೂರನೆಯ ದಿನ ಮುನಿತಾಯಮ್ಮನಿಗೆ ಬಿಸಿಲು ಸಿಕ್ಕಿತು.

ಆ ವರ್ಷ ಚಳಿ ಜೋರು. ಅವರ ಮನೆಯೊಳಗೆ ಬಿಸಿಲು ಕೊನೆಯ ಸಲ ಬಂದದ್ದು ಎದುರುಗಡೆ ಮೂರಂತಸ್ತಿನ ಕಟ್ಟಡ ಏಳುವ ಮುಂಚೆ. ಆದರೆ ಬೆಳಿಗ್ಗೆ ಹತ್ತರ ಹೊತ್ತಿಗೆ ಆ ಕಟ್ಟಡ ಮತ್ತು ಹೊಂಗೆಮರದ ನಡುವಿನ ಸಂದಿಯಿಂದ ಒಂದು ಪಟ್ಟಿ ಬಿಸಿಲು ನೇರ ಕಾರಿನ ಹಿಂದಿನ ಸೀಟಿಗೆ ಬೀಳುತ್ತಿತ್ತು. ಬಾಗಿಲಿನ ಬೀಗ ಯಾವ ಕಾಲದಲ್ಲೋ ಹೋಗಿತ್ತು. ಮುನಿತಾಯಮ್ಮ ಒಂದು ಮೊರ ಅವರೆಕಾಯಿ ಹಿಡಿದುಕೊಂಡು ಒಳಗೆ ಹತ್ತಿ ಕೂತರು. ಸಾಮಾನಿನ ಮೇಲೆ ಕೂರಲು ಶೂನ್ಯಮಾಸ ಅಡ್ಡಿ ಮಾಡುವುದಿಲ್ಲವಲ್ಲ.

ಅರ್ಧ ಗಂಟೆಯಲ್ಲಿ ಎದುರುಮನೆಯ ಲಕ್ಷ್ಮವ್ವ, ಇದೇನ್ರೀ ಇಲ್ಲಿ ಕೂತಿದ್ದೀರಾ ಅಂತ ಬಂದವರು ತಾವೂ ಹತ್ತಿದರು. ಅವರ ಸೊಂಟಕ್ಕೆ ಬೇರೆಲ್ಲೂ ಸಿಗದ ಆರಾಮು ಆ ಸೀಟಿನಲ್ಲಿ ಸಿಕ್ಕಿತಂತೆ. ಮಾರನೆಯ ದಿನ ಹೂ ಕಟ್ಟುವ ಸೀತಾ ತನ್ನ ಸೇವಂತಿಗೆ ಬುಟ್ಟಿ ಸಮೇತ ಮುಂದಿನ ಸೀಟು ಹಿಡಿದಳು. ಆ ಕಾಲದ ಕಾರಿಗೆ ಮಿಣುಕು ದೀಪ ಇಲ್ಲ, ಎಡಕ್ಕೆ ಬಲಕ್ಕೆ ತಿರುಗುವಾಗ ಬಾಗಿಲ ಕಂಬದಿಂದ ದಿಕ್ಕು ತೋರಿಸುವ ಒಂದು ಪುಟ್ಟ ತಗಡಿನ ಕೈ ಹೊರಗೆ ಬರುತ್ತದೆ. ಸೀತಾ ಅದನ್ನು ಬೆರಳಿನಿಂದ ಎಳೆದು, ಹೂವಿನ ದಾರದ ತುದಿ ಕಟ್ಟಲು ಇದಕ್ಕಿಂತ ಒಳ್ಳೆ ಮೊಳೆ ಇಲ್ಲ ಅಂತ ಕಂಡುಕೊಂಡಳು. ವಾರ ಕಳೆಯುವುದರೊಳಗೆ ಕಲಾಳೂ ಕುಚ್ಚಿನ ಸೀರೆ ಹಿಡಿದು ಡ್ರೈವರ್ ಸೀಟಿಗೆ ಬಂದಳು. ಸೆರಗು ಹರಡಿಕೊಳ್ಳಲು ಸ್ಟೀರಿಂಗ್ ಚಕ್ರ ಹೇಳಿ ಮಾಡಿಸಿದಂತಿತ್ತು. ಅತ್ತೆ ಸೊಸೆ ಹಿಂದೆ ಮುಂದೆ ಕೂತು ನಗುನಗುತ್ತಾ ಮಾತಾಡುವುದನ್ನು ಬೀದಿಯವರು ನಿಂತು ನೋಡಿದರು. ಮನೆಯೊಳಗೆ ಅವರು ಅಷ್ಟು ನಕ್ಕು ಆರು ವರ್ಷವಾಗಿತ್ತು.

ಹಗಲಿಗೆ ಮುಗಿದಿದ್ದರೆ ಚನ್ನಕೇಶವನೂ ಸಹಿಸುತ್ತಿದ್ದ. ಆದರೆ ಬೆಳಿಗ್ಗೆ ಸುಲಿದ ಅವರೆಕಾಳನ್ನು ನೀರಿನಲ್ಲಿ ನೆನೆಹಾಕಿ ಸಂಜೆ ಒಂದೊಂದಾಗಿ ಹಿತುಕಬೇಕು. ಅದೂ ಅಲ್ಲೇ. ಗಾಜು ಏರಿಸಿಕೊಂಡರೆ ಒಳಗೆ ಬೆಚ್ಚಗೆ, ಫೋನಿನಲ್ಲಿ ಧಾರಾವಾಹಿ. ಆರೂವರೆಗೆ ಬಸ್ಸಿಳಿದು ಬಂದವನಿಗೆ ಕಾಣುತ್ತಿದ್ದದ್ದು ಮಂಜು ಹಿಡಿದ ಗಾಜಿನೊಳಗೆ ಅಲ್ಲಾಡುವ ನಾಲ್ಕು ತುರುಬು.

ಎರಡು ಮೂರು ಸಲ ಪ್ರತಿಭಟಿಸಿ ನೋಡಿದ. ಇದು ನನ್ನ ಕಾರು ಅಂದ. ಯಾರು ಇಲ್ಲ ಅಂದ್ರು, ನಿನ್ನ ಕಾರೇ, ಸ್ವಲ್ಪ ಆ ಕಡೆ ಗಾಜು ಏರಿಸು ಅಂದರು ಅಮ್ಮ. ಬ್ರಿಟಿಷ್ ಚರ್ಮದ ಸೀಟಿಗೆ ಅವರೆಕಾಯಿಯ ಸೊಗಡು ಹತ್ತುತ್ತೆ ಅಂದ. ಹತ್ತಲಿ ಬಿಡಿ ಅಂದರು ಲಕ್ಷ್ಮವ್ವ, ಆ ಜನಕ್ಕೆ ಸೊಗಡು ಅಂದ್ರೆ ಏನು ಅಂತ ಗೊತ್ತಾಗಲಿ. ಒಂದು ದಿನ ಎಂಟೂವರೆಗೆ ಸಭೆ ಬರ್ಖಾಸ್ತಾದ ಮೇಲೆ ಹಟಕ್ಕೆ ಬಿದ್ದು ಹೋಗಿ ಕೂತ. ಕೂತ ಕಡೆಯೆಲ್ಲ ಒದ್ದೆ ಸಿಪ್ಪೆ. ಅವರೆಕಾಯಿಯ ಹುಳುವೊಂದು ಶರ್ಟಿನ ಕಾಲರಿನೊಳಗೆ ಇಳಿದು ಬೆನ್ನಿನ ಸಮೀಕ್ಷೆ ನಡೆಸಿತು. ಅಲ್ಲಿಂದಾಚೆ ಅವನು ಕೋಪಕ್ಕೆ ದಿನಾ ಸಂಜೆ ಮನೆಯೊಳಗೂ ಹೋಗದೆ, ಮಾರ್ಕೆಟ್ ಬೀದಿಯಲ್ಲಿ ಎಂಟೂವರೆವರೆಗೆ ಸುತ್ತಿ, ಬೇಡದ ಮೂಲಂಗಿಗೆ ಬೆಲೆ ಕೇಳಿ ಬರತೊಡಗಿದ.

ಒಂದೇ ಆಸೆ ಉಳಿದಿತ್ತು. ಸಂಕ್ರಾಂತಿ ಬರಲಿ. ಕೀ ಕೈಗೆ ಬರಲಿ. ನಿಂತ ಕಾರಿಗೆ ಯಾರು ಬೇಕಾದರೂ ಹತ್ತಬಹುದು, ಓಡುವ ಕಾರಿಗೆ ಹತ್ತಲಾರರು. ಒಬ್ಬನೇ ಹೋಗುತ್ತೇನೆ, ಕೆಂಗೇರಿ ದಾಟಿ, ದಾರಿ ಇದ್ದಷ್ಟು ದೂರ. ಕ್ಯಾಲೆಂಡರಿನಲ್ಲಿ ದಿನಗಳನ್ನು ಅವನು ಶಾಲೆಯ ರಜೆಗೆ ಕಾಯುವ ಹುಡುಗನಂತೆ ಹೊಡೆದುಹಾಕಿದ.

ಸಂಕ್ರಾಂತಿಯ ಬೆಳಿಗ್ಗೆ ಕಾರಿಗೆ ಹೂವಿನ ಹಾರ, ಬಾನೆಟ್ಟಿಗೆ ಕುಂಕುಮ, ಮುಂದೆ ಕಬ್ಬಿನ ಜಲ್ಲೆ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ಮುನಿತಾಯಮ್ಮ ಆರತಿ ಎತ್ತಿ ಕೀ ಕೊಟ್ಟರು. ಇದು ಖಂಡಿತ ಹೊರಡುವುದಿಲ್ಲ, ತಳ್ಳಬೇಕಾಗುತ್ತೆ ಅಂತ ಬೀದಿಯ ಏಳೆಂಟು ಗಂಡಸರು ಪಂಚೆ ಎತ್ತಿ ಕಟ್ಟಿಕೊಂಡು ಸಿದ್ಧರಾಗಿದ್ದರು. ಚನ್ನಕೇಶವ ಕೀ ತಿರುಗಿಸಿ ಗುಂಡಿ ಎಳೆದ. ಮೋರಿಸ್ ಒಂದೇ ಎಳೆತಕ್ಕೆ ಸ್ಟಾರ್ಟಾಯಿತು. ಗಂಡಸರು ನಿರಾಸೆಯಿಂದ ಪಂಚೆ ಇಳಿಸಿ ಮನೆಗೆ ಹೋದರು.

ಶಾಸ್ತ್ರದ ಪ್ರಕಾರ ಮೊದಲು ಎಲ್ಲರನ್ನೂ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ತಂದು ಇಳಿಸಿದ. ಆಮೇಲೆ ಯಾರ ಮುಖವನ್ನೂ ನೋಡದೆ, ಒಂದು ರೌಂಡು ಹೋಗಿ ಬರ್ತೀನಿ ಅಂದವನೇ ಹೊರಟುಬಿಟ್ಟ.

ಅವನ ಸುಖ ಮೈಸೂರು ರಸ್ತೆ ಸೇರುವವರೆಗೆ ಇತ್ತು. ಇಂಜಿನ್ನಿನ ಗುರುಗುಟ್ಟುವಿಕೆ, ಪಾದದ ಕೆಳಗೆ ಸಣ್ಣ ನಡುಕ, ಪಕ್ಕದ ಖಾಲಿ ಸೀಟು. ಎದೆ ತುಂಬಿ ಬಂತು. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಪಕ್ಕದ ಆಟೋದಿಂದ ಒಂದು ತಲೆ ಅವನ ಕಿಟಕಿಯೊಳಗೆ ಬಗ್ಗಿತು.

"ಯಾವ ಮಾಡೆಲ್ ಸಾರ್?"

ಹೇಳಿದ. ಮೈಲೇಜ್ ಎಷ್ಟು ಸಾರ್? ಅದನ್ನೂ ಹೇಳಿದ. ಎಡಗಡೆ ಬೈಕಿನ ಜೋಡಿಯಲ್ಲಿ ಹುಡುಗಿ, ಮದುವೆಗೆ ಬಾಡಿಗೆಗೆ ಬರುತ್ತಾ ಅಂಕಲ್ ಅಂದಳು. ಹಿಂದಿನ ಕಾರಿನವನು ಇಳಿದು ಬಂದು, ಮಾರ್ತೀರಾ ಅಂದ. ಮುಂದಿನ ಸಿಗ್ನಲ್ಲಿನಲ್ಲಿ ಮತ್ತೆ ಮೊದಲಿನಿಂದ. ಪಾರ್ಟ್ಸ್ ಸಿಗುತ್ತಾ, ಎಸಿ ಹಾಕಿಸಬಹುದಾ, ಒಂದು ಫೋಟೋ ತೆಗೀಲಾ ಗುರುಗಳೇ. ಸಿಗ್ನಲ್ ಇಲ್ಲದ ಕಡೆ ಬೈಕುಗಳು ಪಕ್ಕಕ್ಕೆ ಬಂದು ಓಡುತ್ತಲೇ ಕೇಳಿದವು. ಕಿಟಕಿ ಏರಿಸಿದರೆ ಗಾಜು ತಟ್ಟಿದರು. ಕೆಂಗೇರಿಯಲ್ಲಿ ಟೀ ಕುಡಿಯಲು ನಿಲ್ಲಿಸಿ ವಾಪಸ್ಸು ಬಂದು ನೋಡಿದರೆ ಬಿಳಿಮೀಸೆಯ ಹಿರಿಯರೊಬ್ಬರು ಆಗಲೇ ಪಕ್ಕದ ಸೀಟಿನಲ್ಲಿ ಕೂತಿದ್ದರು. ಅವರ ಸೋದರಮಾವನಿಗೂ ಇಂಥದ್ದೇ ಇತ್ತಂತೆ. ಆ ಸೋದರಮಾವ ಹುಟ್ಟಿದಲ್ಲಿಂದ ತೀರಿಕೊಳ್ಳುವವರೆಗಿನ ವೃತ್ತಾಂತ ಮುಗಿಯಲು ಐವತ್ತು ನಿಮಿಷ ಹಿಡಿಯಿತು. ಕೊನೆಗೆ ಅವರು ಕಣ್ಣೊರೆಸಿಕೊಂಡು, ನಿಮ್ಮನ್ನ ಎಲ್ಲಿ ಇಳಿಸಲಿ ಅನ್ನುವ ಧಾಟಿಯಲ್ಲಿ ಚನ್ನಕೇಶವನನ್ನು ನೋಡಿದರು.

ಇಡೀ ಬೆಂಗಳೂರು ಒಂದು ಸ್ಟೋರ್ಸ್ ಕಿಟಕಿಯಾಗಿತ್ತು, ಆ ಕಿಟಕಿಯನ್ನು ಅವನು ದುಡ್ಡು ಕೊಟ್ಟು ಕೊಂಡಿದ್ದ. ಅಲ್ಲಿಂದಲೇ ಕಾರು ತಿರುಗಿಸಿದ.

ಮೂರು ಗಂಟೆಗೆ ಹೊಂಗೆಮರದ ಕೆಳಗೆ ಮೋರಿಸ್ ನಿಂತಿತೋ ಇಲ್ಲವೋ, ಎಳ್ಳುಬೆಲ್ಲದ ಡಬ್ಬಿ ಹಿಡಿದು ಕಾಯುತ್ತಿದ್ದ ಹೆಂಗಸರು ನಾಲ್ಕೂ ಬಾಗಿಲಿನಿಂದ ಹತ್ತಿಕೊಂಡರು. ಅವನು ಇಳಿಯುವುದನ್ನೂ ಕಾಯಲಿಲ್ಲ. ಚನ್ನಕೇಶವನಿಗೆ ಜಗಳಕ್ಕೂ ತ್ರಾಣ ಇರಲಿಲ್ಲ. ಸುಮ್ಮನೆ ಮನೆಯೊಳಗೆ ಹೋದ.

ಹಾಲು ಖಾಲಿ. ಟಿ.ವಿ. ಆರಿತ್ತು. ದಿವ್ಯ ಗೆಳತಿಯರ ಮನೆಗೆ ಎಳ್ಳು ಬೀರಲು ಹೋಗಿದ್ದಳು. ದಿವಾನದ ಮೇಲೆ ಯಾರೂ ಇರಲಿಲ್ಲ. ಅವನು ಅನುಮಾನದಿಂದಲೇ ಅದರ ಅಂಚಿಗೆ ಕೂತ. ಯಾರೂ ಏನೂ ಅನ್ನಲಿಲ್ಲ. ಕಾಲು ಮೇಲೆ ತೆಗೆದುಕೊಂಡ. ಆಮೇಲೆ ಉದ್ದಕ್ಕೆ ಮಲಗಿದ. ಗಡಿಯಾರದ ಟಿಕ್ ಟಿಕ್ ಕೇಳಿಸಿತು. ತಮ್ಮ ಮನೆಯ ಗಡಿಯಾರಕ್ಕೆ ಸದ್ದಿದೆ ಅಂತ ಅವನಿಗೆ ಗೊತ್ತಾದದ್ದೇ ಅವತ್ತು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ನಲವತ್ತು ನಿಮಿಷ. ಮಾತ್ರೆ ಇಲ್ಲ, ಮೊಸರಿಲ್ಲ, ಮಾಡೆಲ್ ಇಲ್ಲ.

ಆಗ ಅವನಿಗೆ ಹೊಳೆಯಿತು. ಒಂದು ತಿಂಗಳಿಂದ ಪ್ರತಿ ಸಂಜೆ ಈ ಹಾಲು ಹೀಗೇ ಖಾಲಿ ಇತ್ತು. ಅವನು ಮಾತ್ರ ಮಾರ್ಕೆಟ್ಟಿನಲ್ಲಿ ಮೂಲಂಗಿಯ ಬೆಲೆ ಕೇಳಿಕೊಂಡು ತಿರುಗುತ್ತಿದ್ದ. ತನ್ನ ಪೆದ್ದುತನಕ್ಕೆ ತಾನೇ ನಕ್ಕ, ಆಮೇಲೆ ನಿಜವಾಗಿಯೂ ಸಂತೋಷವಾಯಿತು. ಕಾರು ಕೊಂಡದ್ದು ಸರಿಯೇ. ಅದರೊಳಗೆ ತಾನು ಕೂರುವುದು ತಪ್ಪು, ಅವರು ಕೂರಬೇಕು, ಅಷ್ಟೇ ವ್ಯತ್ಯಾಸ. ಜೀವನದಲ್ಲಿ ಮೊದಲ ಬಾರಿಗೆ ಉದಾರಿಯಾಗುವ ಉತ್ಸಾಹ ಬಂದು, ಎದ್ದು ಮುಖ ತೊಳೆದು, ಕಾರಿನ ಹತ್ತಿರ ಹೋಗಿ ಹಿಂದಿನ ಗಾಜು ತಟ್ಟಿದ. ಅಮ್ಮ ನಾಲ್ಕು ಬೆರಳಷ್ಟು ಇಳಿಸಿದರು.

"ಅಮ್ಮ, ಈ ಕಾರು ಇನ್ಮೇಲೆ ನಿಂದೇ. ನಾನು ಓಡಿಸಲ್ಲ. ಇಲ್ಲೇ ನಿಂತಿರಲಿ, ನೀವೆಲ್ಲ ಆರಾಮಾಗಿ ಕೂತ್ಕೊಳ್ಳಿ. ಎಷ್ಟು ಹೊತ್ತು ಬೇಕಾದ್ರೂ."

ಮುನಿತಾಯಮ್ಮ ಮಗನನ್ನು ಅಕ್ಕರೆಯಿಂದ ನೋಡಿ ಒಂದು ಚಮಚ ಎಳ್ಳುಬೆಲ್ಲ ಅವನ ಕೈಗೆ ಹಾಕಿದರು.

"ನಮಗ್ಯಾಕಪ್ಪ ಇನ್ನು. ಸಂಕ್ರಾಂತಿ ಆಯ್ತು, ನಾಳೆಯಿಂದ ಬಿಸಿಲು ಏರುತ್ತೆ. ಈ ತಗಡಿನೊಳಗೆ ಬೆಂದೋಗ್ತೀವಿ. ನೀನೇ ಓಡಿಸ್ಕೋ. ಇವರಿಗೆಲ್ಲ ನಾಳೆಯಿಂದ ನಮ್ಮ ಹಾಲಿಗೇ ಬನ್ನಿ ಅಂತ ಹೇಳಿದೀನಿ. ಫ್ಯಾನಿದೆ, ಟಿ.ವಿ. ಇದೆ."

"ಎಲ್ರಿಗೂನಾ?" ಅಂದ ಚನ್ನಕೇಶವ.

"ಎಲ್ರಿಗೂ. ಒಂದು ತಿಂಗಳಿಂದ ಜೊತೆಗಿದ್ದು ಅಭ್ಯಾಸ ಆಗೋಗಿದೆ, ಒಬ್ಬೊಬ್ರೇ ಕೂತ್ರೆ ಹೊತ್ತು ಹೋಗಲ್ಲ. ಬೆಳಿಗ್ಗೆ ಹತ್ತಕ್ಕೆ ಬಂದ್ರೆ ಊಟದ ಹೊತ್ತಿಗೆ ಹೋಗ್ತಾರೆ. ರಾತ್ರಿ ಊಟದ ಹೊತ್ತಿಗೆ." ಗಾಜನ್ನು ಇನ್ನೂ ಎರಡು ಬೆರಳು ಇಳಿಸಿದರು. "ಒಂದೇ ತೊಂದರೆ. ನಮ್ಮ ದಿವಾನು ಲಕ್ಷ್ಮವ್ವನ ಸೊಂಟಕ್ಕೆ ಆಗಲ್ಲ. ಅದನ್ನ ಮಹಡಿಯವರಿಗೆ ಕೊಟ್ಬಿಡು. ಈ ಹಿಂದಿನ ಸೀಟು ಬಿಚ್ಚಿ ಅದರ ಜಾಗಕ್ಕೆ ತಂದು ಹಾಕು. ಇವತ್ತೇ ಮಾಡಪ್ಪ, ದಿನ ಚೆನ್ನಾಗಿದೆ."

ಲಕ್ಷ್ಮವ್ವ ನಾಚಿಕೆಯಿಂದ, ಆತುರ ಏನಿಲ್ಲ, ಕತ್ತಲಾಗೋದ್ರೊಳಗೆ ಆದ್ರೆ ಸಾಕು ಅಂದರು. ಕಲಾ ಮುಂದಿನ ಸೀಟಿನಿಂದ, ಹಾಲಿನ ಬಾಗಿಲಲ್ಲಿ ಹಿಡಿಸುತ್ತಾ ಅಂತ ಅಳತೆ ನೋಡ್ಕೊಳ್ಳಿ ಅಂದಳು. ಚನ್ನಕೇಶವ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು, ಸ್ಪ್ಯಾನರ್ ಹುಡುಕಲು ಒಳಗೆ ಹೋದ.